ಹತ್ತಿ ಸಿಕ್ಕಿಕೊಳ್ಳದ ತೂತು

ನಮ್ಮಕ್ಕನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಪಕ್ಕದ ಮನೆಯವರನ್ನು ಬಸ್‌ಸ್ಟಾಪಿನಲ್ಲಿ ಕಂಡರೆ ಯಾರೋ ಏನೋ ಎಂಬಂತೆ ನೋಡುತ್ತಾಳೆ. ನಾನು ಮೊಣಕೈಯಿಂದ ತಿವಿದ ಮೇಲೆ ಹಲ್ಲು ಕಿರಿಯುತ್ತಾಳೆ. ಆದರೆ ಒಂದು ಪಕ್ಕೆಲುಬನ್ನು ಅವಳ ಕೈಗೆ ಕೊಡಿ, ಕಣ್ಣು ಮುಚ್ಚಿಕೊಂಡೇ ಬೆರಳಾಡಿಸಿ, "ಎಡಗಡೆದು, ಐದನೇದು, ಯಾವಾಗ್ಲೋ ಮುರಿದು ಕೂಡಿಕೊಂಡಿದೆ, ಪಾಪ" ಎನ್ನುತ್ತಾಳೆ. ಇಂಥವಳ ಜೊತೆ ಒಂದೇ ಸೂರಿನಡಿ ಐವತ್ತು ವರ್ಷ ಬಾಳಿದ್ದೇನೆ. ಪದಕ ಕೊಡುವುದಿದ್ದರೆ ಮೊದಲು ನನಗೆ ಕೊಡಬೇಕು.

ನಾವಿಬ್ಬರೂ ಒಂದೇ ಮೆಡಿಕಲ್ ಕಾಲೇಜಿನಲ್ಲಿ ಕೆಲಸಕ್ಕಿದ್ದೆವು. ನಾನು ಪ್ರಿನ್ಸಿಪಾಲರ ಆಫೀಸಿನಲ್ಲಿ ಟೈಪಿಸ್ಟ್. ಖಾಯಂ ನೌಕರಿ, ಫ್ಯಾನಿನ ಕೆಳಗೆ ಕುರ್ಚಿ. ಅವಳು ಅಂಗರಚನಾ ವಿಭಾಗದ ಹಿಂಬದಿಯ ಮೂಳೆ ಕೋಣೆಯಲ್ಲಿ ದಿನಗೂಲಿ ಅಟೆಂಡರ್. ಸತ್ತ ಮೇಲೆ ದೇಹ ಕಾಲೇಜಿಗೆ ಸೇರಲಿ ಎಂದು ಬರೆದುಕೊಟ್ಟು ಹೋದವರಿರುತ್ತಾರಲ್ಲ, ಅವರ ಮೇಲೆ ವಿದ್ಯಾರ್ಥಿಗಳು ವರ್ಷವಿಡೀ ಕಲಿತಾದ ನಂತರ ಉಳಿದ ಮೂಳೆ ಅಕ್ಕನ ಪಾಲಿಗೆ ಬರುತ್ತಿತ್ತು. ಅದನ್ನು ತೊಟ್ಟಿಯಲ್ಲಿ ವಾರಗಟ್ಟಲೆ ನೆನೆಹಾಕಬೇಕು, ತಿಕ್ಕಿ ತೊಳೆಯಬೇಕು, ಜಿಡ್ಡು ತೆಗೆಯಬೇಕು, ಬೆಳ್ಳಗೆ ಮಾಡಿ ಕಿಟಕಿಯ ಕಟ್ಟೆಯ ಮೇಲೆ ಒಣಗಿಸಬೇಕು. ಆಮೇಲೆ ಕೈ ಡ್ರಿಲ್ಲಿನಿಂದ ಸೂಕ್ಷ್ಮವಾಗಿ ಕೊರೆದು, ಹಿತ್ತಾಳೆ ತಂತಿ ಪೋಣಿಸಿ, ಆ ಮನುಷ್ಯನನ್ನು ಮತ್ತೆ ಎಬ್ಬಿಸಿ ನಿಲ್ಲಿಸಬೇಕು. ಸಂಜೆ ಅವಳು ಮನೆಗೆ ಬಂದರೆ ಅಮ್ಮ ಅಡುಗೆಮನೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಕೈ ತೋರಿಸು. ಮೂಸು. ಇನ್ನೊಂದ್ಸಲ ಸೋಪು ಹಾಕು. ಯಾರ ಮನೆ ಅಜ್ಜನ ಎಲುಬು ಮುಟ್ಟಿ ಬಂದಿದ್ದೀಯೋ!"

ಅವಳು ಅಲ್ಲಿಗೆ ಹೋಗಿದ್ದು ಮೂರು ತಿಂಗಳ ಮಟ್ಟಿಗೆ ನೆಲ ಗುಡಿಸಲು. ಆಗ ಮೂಳೆ ಕೋಣೆಯಲ್ಲಿದ್ದವನು ಒಬ್ಬ ಮುದುಕ, ಕಣ್ಣು ಮಂಜಾಗಿತ್ತು. ಒಂದು ದಿನ ಅವನು ಎದೆಗೂಡು ಕಟ್ಟುತ್ತಿದ್ದಾಗ ಅಕ್ಕ ಪೊರಕೆಯನ್ನು ನೆಲಕ್ಕೆ ಊರಿ ನಿಂತು, "ಅಜ್ಜಾ, ಆ ಎರಡು ಅದಲು ಬದಲಾಗಿವೆ, ನೋಡು, ನಡುವೆ ಸಂದು ಬಿಟ್ಟಿದೆ" ಅಂದಳಂತೆ. ಮುದುಕ ಬೆರಳಿಟ್ಟು ನೋಡಿದ. ಆರು, ಏಳು ತಿರುಗಾಮುರುಗಾ ಆಗಿದ್ದವು. ಅವಳ ಕೈಯಿಂದ ಪೊರಕೆ ತೆಗೆದುಕೊಂಡು ಮೂಲೆಗಿಟ್ಟು, ಇಕ್ಕಳ ಕೊಟ್ಟ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ಹದಿನೇಳು ವರ್ಷ ಆ ಇಕ್ಕಳ ಕೆಳಗಿಡಲಿಲ್ಲ.

ಡಾಕ್ಟರಾಗುವ ಹುಡುಗ ಹುಡುಗಿಯರಿಗೆ ಅವಳು ಮೂಳೆಯಕ್ಕ. ಪರೀಕ್ಷೆ ಹತ್ತಿರ ಬಂದರೆ ಮೇಷ್ಟರನ್ನು ಬಿಟ್ಟು ಇವಳ ಬೆನ್ನು ಹತ್ತುತ್ತಿದ್ದರು. "ಹನ್ನೆರಡು ಜೊತೆ ಹೇಗಕ್ಕಾ ನೆನಪಿಟ್ಟುಕೊಳ್ಳೋದು?" ಎಂದರೆ ಇವಳ ಪಾಠ ಶುರು. "ಮೇಲಿನ ಏಳು ಜೊತೆ ಸ್ವಂತ ಮನೆಯವರು ಕಣ್ರೋ, ನೇರ ಎದೆಮೂಳೆಗೆ ಬಂದು ಸೇರ್ತವೆ. ಎಂಟು, ಒಂಬತ್ತು, ಹತ್ತು ಬಾಡಿಗೆಯವರು, ಮೇಲಿನವರ ಹೆಗಲು ಹಿಡಿದೇ ಒಳಗೆ ಬರ್ಬೇಕು. ಕೊನೆ ಎರಡು ನನ್ನ ತಂಗಿ ಥರ. ಯಾರ ಹಂಗೂ ಇಲ್ಲ, ಗಾಳೀಲಿ ನೇತಾಡ್ತಿರ್ತವೆ." ಇದನ್ನು ಕೇಳಿಸಿಕೊಂಡ ಹುಡುಗರು ಆಫೀಸಿಗೆ ಬಂದಾಗ ನನ್ನನ್ನು ನೋಡಿ ಕಿಸಕ್ಕನೆ ನಗುತ್ತಿದ್ದರು. ಬೋನಫೈಡ್ ಸರ್ಟಿಫಿಕೇಟು ಬೇಕಾದವರನ್ನು ನಾನೂ ಚೆನ್ನಾಗಿ ಕಾಯಿಸಿದ್ದೇನೆ.

ಒಮ್ಮೆ ಹೊರಗಿನಿಂದ ಒಂದು ಅಸ್ಥಿಪಂಜರ ತರಿಸಿದ್ದರು. ಥಳಥಳ ಹೊಳೆಯುತ್ತಿತ್ತು. ಪಕ್ಕೆಲುಬೆಲ್ಲ ಏಣಿಯ ಮೆಟ್ಟಿಲಿನಂತೆ ಮಟ್ಟಸವಾಗಿ ಕೂರಿಸಿದ್ದರು. ಎಲ್ಲರೂ ವಾಹ್ ಎನ್ನುತ್ತಿದ್ದರೆ ಅಕ್ಕ ಮೂಗು ಮುರಿದಳು. ನೆಲ ಒರೆಸುವ ಬಕೆಟ್ಟು ತಂದು, ಅದರ ಹಿಡಿಯನ್ನು ಪಕ್ಕಕ್ಕೆ ಇಳಿಬಿಟ್ಟು, ಮೆಲ್ಲಗೆ ಮೇಲೆತ್ತಿ ತೋರಿಸಿದಳು. "ಪಕ್ಕೆಲುಬು ಹಿಂದೆ ಎತ್ತರ, ಮುಂದೆ ಇಳಿಜಾರು. ಉಸಿರೆಳೆದ್ರೆ ಈ ಹಿಡಿ ಎದ್ದ ಹಾಗೆ ಎದ್ದು ಎದೆ ಅಗಲ ಆಗುತ್ತೆ. ಈ ಪುಣ್ಯಾತ್ಮಂದು ಆಗ್ಲೇ ಎದ್ದು ಕೂತಿದೆ. ಇನ್ನೆಲ್ಲಿಗೆ ಏಳುತ್ತೆ? ಇವನು ಉಸಿರಾಡೋದು ಹೇಗೆ?" ಸತ್ತವನ ಉಸಿರಾಟದ ಚಿಂತೆ ಇವಳಿಗೆ! ಆದರೂ ಎರಡು ವಾರ ಕೂತು ತಂತಿಯೆಲ್ಲ ಬಿಚ್ಚಿ, ಮತ್ತೆ ಕಟ್ಟಿ, ಪಕ್ಕೆಲುಬಿನ ತುದಿಯ ಮೆದುಮೂಳೆಯ ಜಾಗಕ್ಕೆ ನೆನೆಸಿದ ಚರ್ಮದ ಪಟ್ಟಿ ಹೊಲಿದಳು. ಈಗ ಆ ಎದೆಗೂಡನ್ನು ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗಿ ವಾಪಸು ಬರುತ್ತದೆ.

ಇಷ್ಟೆಲ್ಲ ಇದ್ದರೂ ಅವಳು ದಿನಗೂಲಿಯೇ. ಇವತ್ತು ಬಾ ಎಂದರೆ ಉಂಟು, ನಾಳೆ ಬೇಡ ಎಂದರೆ ಇಲ್ಲ. ಹದಿನೇಳನೇ ವರ್ಷ ಕೊನೆಗೂ ಒಂದು ಆದೇಶ ಬಂತು. ಹದಿನೈದು ವರ್ಷ ದಾಟಿದ ದಿನಗೂಲಿಯವರಲ್ಲಿ ಕಪ್ಪುಚುಕ್ಕೆ ಇಲ್ಲದವರನ್ನು ಖಾಯಂ ಮಾಡಬಹುದು, ಉಳಿದವರನ್ನು ಬಿಡಬೇಕು. ಮೂಳೆ ಕೋಣೆಗೆ ಬೀಗ ಹಾಕಿ ಪ್ಲಾಸ್ಟಿಕ್ ಅಸ್ಥಿಪಂಜರ ತರಿಸುವ ಮಾತೂ ಆಗ ನಡೆಯುತ್ತಿತ್ತು. ಶನಿವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ. ಆ ಪಟ್ಟಿಯನ್ನು ನಾನೇ ಟೈಪ್ ಮಾಡಿದೆ. ಅಕ್ಕನ ಹೆಸರನ್ನು ಎರಡೆರಡು ಸಲ ತಾಳೆ ನೋಡಿದೆ, ಸುಳ್ಳೇಕೆ ಹೇಳಲಿ. ಅದು ನಡೆದರೆ ಅವಳು ಸಾಯುವ ತನಕ ಅವಳ ಮೂಳೆ ಅವಳಿಗೆ; ತಪ್ಪಿದರೆ ಸೋಮವಾರದಿಂದ ಮನೆಯಲ್ಲಿ ಅಮ್ಮನ ಮುಖ, ನನ್ನ ಮುಖ.

ಅದೇ ವಾರದ ಮಂಗಳವಾರ ಆಗಬಾರದ್ದು ಆಯಿತು.

ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದು ಹದಿನೈದು ದಿನವಾಗಿತ್ತು. ದೊಡ್ಡ ಡಾಕ್ಟರು, ದೊಡ್ಡ ಓದು, ಮೂಗಿನ ತುದಿಯಲ್ಲೇ ಸಿಟ್ಟು. ಅವರು ಮೊದಲಿದ್ದ ಕಾಲೇಜಿನಲ್ಲಿ ಕೆಲಸದವರು ಅಸ್ಥಿಪಂಜರ ನೇತುಹಾಕಲು ಸುಲಭವಾಗಲೆಂದು ಎದೆಮೂಳೆಯ ನಟ್ಟನಡುವೆ ತೂತು ಕೊರೆದು ಕೊಕ್ಕೆ ಸಿಕ್ಕಿಸಿ, ಎಷ್ಟೋ ಒಳ್ಳೆಯ ಮೂಳೆ ಹಾಳು ಮಾಡಿದ್ದರಂತೆ. ಅಂದಿನಿಂದ ಡ್ರಿಲ್ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಇದು ನಮಗೆ ಆಮೇಲೆ ಗೊತ್ತಾದದ್ದು.

ಅಂದು ಅವರು ಮೂಳೆ ಕೋಣೆಗೆ ಹೋದಾಗ ಕಿಟಕಿ ಕಟ್ಟೆಯ ಮೇಲೆ ಹೊಸದಾಗಿ ಒಣಗಿದ ಒಂದು ಎದೆಮೂಳೆ ಇತ್ತು. ಎದೆಮೂಳೆ ಎಂದರೆ ಗೇಣಿಗಿಂತ ತುಸು ಗಿಡ್ಡ, ಚಪ್ಪಟೆ. ಮೇಲೊಂದು ಅಗಲ ತುಂಡು, ಕೆಳಗೊಂದು ಉದ್ದ ತುಂಡು, ತುದಿಗೊಂದು ಚೂಪು. ಆ ಉದ್ದ ತುಂಡಿನ ಕೆಳಭಾಗದಲ್ಲಿ, ಸರಿಯಾಗಿ ನಡುವೆ, ಬಟಾಣಿ ತೂರುವಷ್ಟು ದೊಡ್ಡ ತೂತು. ಪಕ್ಕದಲ್ಲೇ ಅಕ್ಕನ ಕೈ ಡ್ರಿಲ್. ಇನ್ನೇನು ಬೇಕು?

"ಏನಿದು?" ಎಂದರು.

"ತೂತು ಸರ್" ಎಂದು ಅಕ್ಕ ನಕ್ಕಳು. ಅವಳಿಗೆ ಖುಷಿ. ಹದಿನೇಳು ವರ್ಷದಲ್ಲಿ ಅಂಥದ್ದು ಸಿಕ್ಕಿದ್ದು ಮೂರೇ ಸಲ. ವಿಭಾಗದ ಟ್ಯೂಟರ್ ರಜೆ ಮುಗಿಸಿ ಬಂದರೆ ತೋರಿಸೋಣ ಎಂದು ಜೋಪಾನವಾಗಿ ಎತ್ತಿಟ್ಟಿದ್ದಳು.

"ಯಾರು ಕೊರೆದಿದ್ದು?"

"ಯಾರೂ ಇಲ್ಲ ಸರ್. ಹುಟ್ಟಿದಾಗಿಂದ ಇದೆ."

"ಪಕ್ಕದಲ್ಲಿ ಡ್ರಿಲ್ ಇಟ್ಟುಕೊಂಡು ನನಗೆ ಪಾಠ ಹೇಳ್ತೀಯಾ? ಹುಟ್ಟಿನಿಂದ ಬರೋ ತೂತು ಪುಸ್ತಕದಲ್ಲಿರೋದು ನನಗೆ ಗೊತ್ತಿಲ್ವಾ? ಇಷ್ಟು ದುಂಡಗೆ, ಇಷ್ಟು ನಟ್ಟನಡುವೆ ಬರೋಕೆ ಅದೇನು ಅಳತೆ ಹಿಡಿದುಕೊಂಡು ಬರುತ್ತಾ?"

ಅಕ್ಕ ಮತ್ತೂ ನಕ್ಕಳು. ಅವಳಿಗೆ ಅದು ತಮಾಷೆಯ ಮಾತಾಗಿ ಕೇಳಿಸಿತು. ಎಲ್ಲಿ ನಗಬಾರದೋ ಅಲ್ಲೇ ನಗುವುದು ಅವಳ ಹಣೆಬರಹ.

ಹತ್ತು ನಿಮಿಷದಲ್ಲಿ ದೊಡ್ಡ ಡಾಕ್ಟರು ನನ್ನ ಮೇಜಿನ ಮುಂದೆ ನಿಂತಿದ್ದರು. ನಾವು ಅಕ್ಕತಂಗಿಯರೆಂದು ಅವರಿಗೆ ಯಾರೂ ಹೇಳಿರಲಿಲ್ಲ. "ಒಂದು ಮೆಮೋ ಟೈಪ್ ಮಾಡಿ" ಎಂದು ಹೇಳತೊಡಗಿದರು. ಸದರಿ ಅಟೆಂಡರ್ ಅಜಾಗರೂಕತೆಯಿಂದ ದಾನವಾಗಿ ಬಂದ ದೇಹದ ಎದೆಮೂಳೆಗೆ ತೂತು ಕೊರೆದು ಹಾಳುಮಾಡಿದ್ದಲ್ಲದೆ, ವಿಚಾರಿಸಿದಾಗ ಉಡಾಫೆಯಿಂದ ನಕ್ಕು, ಸುಳ್ಳು ಹೇಳಿರುತ್ತಾಳೆ. ನಾನು ಟೈಪ್ ಮಾಡಿದೆ. ಸುಳ್ಳು ಎಂಬ ಪದ ಬಂದಾಗ ಎದ್ದು ನಿಂತು ಕೂಗಿಬಿಡೋಣ ಎನ್ನಿಸಿತು. ಕೂಗಲಿಲ್ಲ. ಬಾಯಿಬಡುಕಿ ಎಂದು ಊರೆಲ್ಲ ಹೆಸರು ಮಾಡಿದ ನನಗೆ ಅವತ್ತು ತುಟಿ ಪಿಟಕ್ ಅನ್ನಲು ಧೈರ್ಯ ಬರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮನೆಗೆ ಬಂದವಳೇ ಅಕ್ಕನ ಮೇಲೆ ಹರಿಹಾಯ್ದೆ. "ನಗಬೇಕಿತ್ತೇನೆ ನಿಂಗೆ? ಹಲ್ಲು ತೋರಿಸೋಕೆ ಅದೇ ಹೊತ್ತು ಸಿಕ್ತಾ?"

"ಅಂಥದ್ದು ಸಿಕ್ಕಿದ್ರೆ ಯಾರಿಗೆ ಖುಷಿ ಆಗಲ್ಲ ಹೇಳು" ಎಂದು ಅವಳು ಬೀನ್ಸ್ ಕತ್ತರಿಸುತ್ತಲೇ ಇದ್ದಳು. "ಮಗು ಹೊಟ್ಟೇಲಿದ್ದಾಗ ಎದೆಮೂಳೆ ಎರಡು ಪಟ್ಟಿ ಆಗಿರುತ್ತಂತೆ ಕಣೇ. ಆ ಕಡೆಯಿಂದೊಂದು, ಈ ಕಡೆಯಿಂದೊಂದು ಬಂದು ನಡುವೆ ಕೂಡಿಕೊಳ್ತವೆ. ಎಲ್ಲೋ ಒಬ್ಬರಿಗೆ ಒಂದು ಕಡೆ ಕೂಡೋದೇ ಇಲ್ಲ, ಕಿಂಡಿ ಉಳಿದುಬಿಡುತ್ತೆ. ಈ ಮನುಷ್ಯ ಎಪ್ಪತ್ತೊಂದು ವರ್ಷ ಬದುಕಿದ್ದ. ಅದರ ಹಿಂದೆ ಅಷ್ಟೂ ವರ್ಷ ಹೃದಯ ಬಡ್ಕೊಳ್ತಿತ್ತು. ಅವನಿಗೇ ಗೊತ್ತಿರಲಿಲ್ಲ."

"ಆ ಮನುಷ್ಯನ ಮಾತು ಹಾಳಾಗಲಿ, ನಿನ್ನ ಗತಿ ಏನು? ಅವರು ಡಾಕ್ಟ್ರು, ನೀನು ಎಂಟನೇ ಕ್ಲಾಸು. ಯಾರ ಮಾತು ನಡೆಯುತ್ತೆ?"

ಅಮ್ಮನಿಗೆ ಅರ್ಧ ಕೇಳಿಸಿತ್ತು. "ನೀನೇ ತೂತು ಹಾಕಿದ್ರೆ ಒಪ್ಕೊಂಡುಬಿಡೇ, ದೊಡ್ಡವರು ಕ್ಷಮಿಸ್ತಾರೆ" ಎಂದಳು. ಆಗ ಮಾತ್ರ ಅಕ್ಕನ ಚಾಕು ನಿಂತಿತು. "ನಾನು ಹಾಕಿಲ್ಲಮ್ಮಾ. ಹಾಕಿದ್ದೀನಿ ಅಂತ ಒಪ್ಪಿಕೊಂಡು ಖಾಯಂ ಆಗೋದಾದ್ರೆ ನಂಗೆ ಆ ಖಾಯಂ ಬೇಡ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಹದಿನೇಳು ವರ್ಷದಲ್ಲಿ ಕೆಲಸದ ವಿಷಯಕ್ಕೆ ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಅವತ್ತು ನಾನು ಜಗಳ ಮುಂದುವರಿಸಲಿಲ್ಲ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ನಿವೃತ್ತಿಗೆ ಎರಡು ವರ್ಷವಿದ್ದ ಪ್ರಿನ್ಸಿಪಾಲ್ ಮೇಡಂ ನಡುವೆ, ಅವರ ಬಲಕ್ಕೆ ದೊಡ್ಡ ಡಾಕ್ಟರು, ಎಡಕ್ಕೆ ಆಫೀಸ್ ಮ್ಯಾನೇಜರ್. ನಡಾವಳಿ ಬರೆದುಕೊಳ್ಳಲು ಮೂಲೆಯಲ್ಲಿ ನಾನು. ಉಳಿದವರದೆಲ್ಲ ಸಲೀಸಾಗಿ ಮುಗಿಯಿತು. ಕೊನೆಗೆ ಅಕ್ಕನನ್ನು ಕರೆದರು. ಅವಳು ಹೆಗಲಿಗೊಂದು ಬಟ್ಟೆ ಚೀಲ ಹಾಕಿಕೊಂಡು, ತರಕಾರಿ ತರಲು ಹೊರಟವಳ ಹಾಗೆ ಒಳಗೆ ಬಂದಳು.

ಮೇಡಂ ಮೆಮೋ ಓದಿ, "ಏನು ಹೇಳ್ತೀಯಮ್ಮಾ?" ಎಂದರು.

"ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ ಮೇಡಂ. ತೋರಿಸ್ಲಾ?"

ಅಪ್ಪಣೆಗೆ ಕಾಯದೆ ಚೀಲದಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ತೂತಿನ ಎದೆಮೂಳೆ, ತುದಿ ಮುರಿದು ಮೂಲೆಗೆ ಬಿದ್ದಿದ್ದ, ತೂತಿಲ್ಲದ ಇನ್ನೊಂದು ಹಳೆಯ ಎದೆಮೂಳೆ, ದಪ್ಪ ಮೊನೆ ಸಿಕ್ಕಿಸಿದ ಕೈ ಡ್ರಿಲ್, ಒಂದು ಸುರುಳಿ ಹತ್ತಿ. ಮ್ಯಾನೇಜರ್ ಕುರ್ಚಿಯನ್ನು ಒಂದಡಿ ಹಿಂದಕ್ಕೆ ಸರಿಸಿಕೊಂಡರು. ಅಕ್ಕ ಡ್ರಿಲ್ಲನ್ನು ನೇರ ದೊಡ್ಡ ಡಾಕ್ಟರ ಮುಂದೆ ಹಿಡಿದಳು.

"ಈ ಹಳೇದಕ್ಕೆ ನೀವೇ ಒಂದು ತೂತು ಹಾಕಿ ಸರ್. ನಾನು ಹಾಕಿದ್ರೆ ಕೈಚಳಕ ಅಂತೀರಿ."

ದೊಡ್ಡ ಡಾಕ್ಟರ ಮುಖ ಕೆಂಪಾಯಿತು. ಆದರೆ ಮೇಡಂ, "ಹಾಕಿ ಡಾಕ್ಟ್ರೇ, ಅದರಲ್ಲೇನಿದೆ" ಎಂದುಬಿಟ್ಟರು. ದೊಡ್ಡ ಡಾಕ್ಟರು ಎದ್ದು, ಅಂಗಿಯ ತೋಳು ಮಡಚಿ, ಕೊರೆದರು. ಬಿಳಿ ಪುಡಿ ಮೇಡಂ ಅವರ ಫೈಲಿನ ಮೇಲೆ ಉದುರಿತು.

ಅಕ್ಕ ಹತ್ತಿಯನ್ನು ಬೆರಳಲ್ಲಿ ಹೊಸೆಯದೆ, ಸಡಿಲವಾಗಿ ಎಳೆದು, ಅವರು ಕೊರೆದ ತೂತಿನೊಳಗೆ ತೂರಿಸಿ ಆ ಕಡೆಯಿಂದ ಎಳೆದಳು. ಅರ್ಧ ಹತ್ತಿ ಒಳಗೇ ಉಳಿಯಿತು. ತೂತಿನ ಸುತ್ತ ಬಿಳಿ ಎಳೆಗಳು ಕಚ್ಚಿಕೊಂಡು ನೇತಾಡಿದವು.

"ಎದೆಮೂಳೆ ಬ್ರೆಡ್ಡಿನ ಥರ ಮೇಡಂ. ಮೇಲೆ ತೆಳ್ಳಗೆ ಗಟ್ಟಿ, ಒಳಗೆಲ್ಲ ತರಕಲು, ಸಣ್ಣ ಸಣ್ಣ ಕಿಂಡಿ. ಕೊರೆದ್ರೆ ಒಳಗಿನದು ಬಯಲಾಗುತ್ತೆ, ಹತ್ತಿ ಹಿಡಿದುಕೊಳ್ಳುತ್ತೆ. ನಾನು ದಿನಾ ಒರೆಸ್ತೀನಿ, ಕೊರೆದ ಕಡೆಯೆಲ್ಲ ನನಗೆ ಇದೇ ಕಾಟ." ಇನ್ನೊಂದು ಎಳೆ ಹತ್ತಿ ತೆಗೆದು ಆ ಎಪ್ಪತ್ತೊಂದು ವರ್ಷದವನ ಮೂಳೆಯ ತೂತಿಗೆ ತೂರಿಸಿದಳು. ಎಳೆದಳು. ಹತ್ತಿ ಹೋದ ಹಾಗೇ ಬಂತು. ಒಂದೇ ಒಂದು ಎಳೆ ಒಳಗೆ ಉಳಿಯಲಿಲ್ಲ. "ಇದರೊಳಗೆ ಗೋಡೆ ಇದೆ. ಸುತ್ತ ಗಟ್ಟಿ ಮೂಳೆ ಬೆಳೆದಿದೆ. ಸತ್ತ ಮೇಲೆ ಮೂಳೆ ಬೆಳೆಯಲ್ಲ."

ದೊಡ್ಡ ಡಾಕ್ಟರು ಮೂಳೆಯನ್ನು ಕೈಗೆತ್ತಿಕೊಂಡರು. "ಮರಳು ಕಾಗದ ಹಾಕಿ ಉಜ್ಜಿರಬಹುದು" ಎಂದರು. ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

ಅಕ್ಕ ಚೀಲಕ್ಕೆ ಕೈ ಹಾಕಿ ಮರಳು ಕಾಗದ ತೆಗೆದುಕೊಟ್ಟಳು. "ಉಜ್ಜಿ ನೋಡಿ ಸರ್."

ಇಲ್ಲಿ ಆ ಮನುಷ್ಯನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇರೆ ಯಾರಾದರೂ ಆಗಿದ್ದರೆ ಕಾಗದ ಬಿಸಾಕಿ ಹೊರಟುಹೋಗುತ್ತಿದ್ದರು. ಅವರು ಕೂತು ಉಜ್ಜಿದರು. ತಾವು ಕೊರೆದ ತೂತನ್ನು ಹತ್ತು ನಿಮಿಷ, ಹಣೆ ಬೆವರುವ ತನಕ, ಕಾಗದ ಸುತ್ತಿ ತಿರುಗಿಸಿ ತಿರುಗಿಸಿ ಉಜ್ಜಿದರು. ಪ್ರತಿ ಸಲವೂ ತಾವೇ ಹತ್ತಿ ತೂರಿಸಿ ಎಳೆದರು. ಉಜ್ಜಿದಷ್ಟೂ ಒಳಗಿನ ತರಕಲು ಇನ್ನಷ್ಟು ತೆರೆದುಕೊಂಡು, ಹತ್ತಿ ಇನ್ನಷ್ಟು ಹಿಡಿಯಿತು. ಕೊನೆಗೆ ಜೇಬಿನಿಂದ ಭೂತಗನ್ನಡಿ ತೆಗೆದು, ಅಕ್ಕನ ಮೂಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ನಿಂತರು. ನೋಡುತ್ತಾ ನೋಡುತ್ತಾ ಅವರ ಮುಖವೇ ಬದಲಾಯಿತು. ಹೊಸ ಆಟಿಕೆ ಸಿಕ್ಕ ಮಗುವಿನ ಮುಖ.

"ಮೇಡಂ" ಎಂದರು, "ಮೂವತ್ತು ವರ್ಷದಿಂದ ಇದನ್ನ ಪುಸ್ತಕದಲ್ಲಿ ಓದಿ ಓದಿಸ್ತಿದ್ದೀನಿ. ಕೈಯಲ್ಲಿ ಹಿಡಿದದ್ದು ಇವತ್ತೇ. ಸಿಕ್ಕಿದ ದಿನವೇ ಸಿಟ್ಟು ಮಾಡಿಕೊಂಡು ಕುರುಡನಾದೆ. ತಪ್ಪು ನನ್ನದು." ಫೈಲಿನಿಂದ ಮೆಮೋ ತೆಗೆದು ನಾಲ್ಕು ಚೂರು ಮಾಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಕ್ಷಮಿಸಮ್ಮಾ, ಸುಳ್ಳು ಅಂದುಬಿಟ್ಟೆ" ಎಂದರು.

"ಬಿಡಿ ಸರ್. ನಾನೂ ನಗಬಾರದಿತ್ತು" ಎಂದಳು ಅಕ್ಕ.

ನನ್ನ ಕೈಲಿ ತಡೆಯಲಾಗಲಿಲ್ಲ. ಮೂಲೆಯಲ್ಲಿ ಕೂತೇ ಗಳಗಳ ಅತ್ತುಬಿಟ್ಟೆ. ದೊಡ್ಡ ಡಾಕ್ಟರು ಗಾಬರಿಯಾಗಿ, "ಇವರಿಗೇನಾಯ್ತು?" ಎಂದರು. "ಅವಳು ನನ್ನ ತಂಗಿ ಸರ್, ಅವಳಿಗೆ ಎಲ್ಲದಕ್ಕೂ ಅವಸರ" ಎಂದು ಅಕ್ಕ ಮೂಳೆಪುಡಿಯ ಕೈಯಲ್ಲೇ ನನ್ನ ಬೆನ್ನು ಸವರಿದಳು. ನನ್ನ ಹೊಸ ಸೀರೆ ಹಾಳಾಯಿತು. ಆಗಲಿ ಎಂದುಕೊಂಡೆ! ಮೇಡಂ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸಹಿ ಹಾಕಿದರು. ಹುದ್ದೆಯ ಕಡೆ ಅಟೆಂಡರ್ ಎಂದಿದ್ದನ್ನು ದೊಡ್ಡ ಡಾಕ್ಟರೇ ಹೊಡೆದುಹಾಕಿಸಿ ಮ್ಯೂಸಿಯಂ ತಂತ್ರಜ್ಞೆ ಎಂದು ಬರೆಸಿದರು. ಪ್ಲಾಸ್ಟಿಕ್ಕಿನ ಮಾತು ಆ ದಿನಕ್ಕೇ ಮುಗಿಯಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೊದಲ ವರ್ಷದವರ ಕ್ಲಾಸು. ದೊಡ್ಡ ಡಾಕ್ಟರು ಅಕ್ಕನನ್ನು ಕರೆಸಿ, "ಇವತ್ತು ನೀವು ಹೇಳಿ" ಎಂದು ತಾವು ಹೋಗಿ ಮುಂದಿನ ಬೆಂಚಿನಲ್ಲಿ ಕೂತರು. ನಾನು ಆಫೀಸಿನ ಬೀಗವನ್ನೂ ತೆಗೆಯದೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ ಬೆಂಚುಗಳಲ್ಲಿ ನೂರೈವತ್ತು ಜನ. ಅಕ್ಕ ಒಮ್ಮೆ ಗಂಟಲು ಸರಿಮಾಡಿಕೊಂಡಳು. ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಅವಳ ದನಿ ಹಾಲಿನ ಕೊನೆಯ ಬೆಂಚಿನ ತನಕ ಕೇಳಿಸಿತು.

"ಎಲ್ಲರೂ ಕುತ್ತಿಗೆ ಕೆಳಗಿನ ಗುಂಡಿಗೆ ಬೆರಳಿಡಿ. ಹಾಗೇ ಕೆಳಗೆ ಜಾರಿಸಿ. ನಾಲ್ಕು ಬೆರಳು ಇಳಿಯೋದ್ರೊಳಗೆ ಅಡ್ಡಕ್ಕೊಂದು ಏಣು, ಸಣ್ಣ ಉಬ್ಬು, ಸಿಗುತ್ತೆ. ಸಿಕ್ತಾ? ಅದರ ಪಕ್ಕ ಸೇರೋದು ಎರಡನೇ ಪಕ್ಕೆಲುಬು. ಮೊದಲನೇದು ಕೊರಳೆಲುಬಿನ ಹಿಂದೆ ಅಡಗಿರುತ್ತೆ, ಅದನ್ನ ಹುಡುಕಿಕೊಂಡು ಹೋದ್ರೆ ಎಣಿಕೆ ತಪ್ಪುತ್ತೆ. ಎರಡರಿಂದ ಎಣಿಸ್ಕೊಂಡು ಇಳಿಯಿರಿ. ಮೂರು, ನಾಲ್ಕು, ಐದು, ಆರು. ಈಗ ನಡುವಿನ ಮೂಳೆ ಮೇಲೆ ಬೆರಳಿಡಿ. ಗಟ್ಟಿ ಅನ್ಸುತ್ತಲ್ವಾ? ನಾನು ಎಪ್ಪತ್ತೆಂಟು ಎದೆಮೂಳೆ ತೊಳೆದಿದ್ದೀನಿ. ಮೂರರಲ್ಲಿ ಈ ಜಾಗದಲ್ಲಿ ತೂತಿತ್ತು. ಆ ಲೆಕ್ಕದಲ್ಲಿ ಈ ಹಾಲಿನಲ್ಲೇ ಐದಾರು ಜನಕ್ಕೆ ಇರುತ್ತೆ. ಬೆರಳಿಗೆ ಅದು ಗೊತ್ತಾಗಲ್ಲ. ತೂತಿನ ಮೇಲೆ ಗಟ್ಟಿ ಪೊರೆ ಎಳೆದಿರುತ್ತೆ. ಹಿಂದೆ ಹೃದಯ. ನಾಳೆ ನೀವು ಡಾಕ್ಟ್ರಾಗಿ ಮಜ್ಜೆ ತೆಗೆಯೋಕೆ ಅಂತ ಯಾರದೋ ಎದೆಮೂಳೆಗೆ ಸೂಜಿ ಹಿಡಿದಾಗ, ಮೂಳೆ ಅಡ್ಡ ಇದೆ ಬಿಡು ಅಂತ ನಂಬಿ ಇಲ್ಲಿ ಚುಚ್ಚಬೇಡಿ."

ಹಾಲಿನ ತುಂಬ ಹುಡುಗರು, ಹುಡುಗಿಯರು ತಮ್ಮ ತಮ್ಮ ಎದೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ನನ್ನ ಬೆರಳೂ ನನಗೆ ತಿಳಿಯದೆ ಅಲ್ಲಿಗೇ ಹೋಗಿತ್ತು. ಮುಂದಿನ ಬೆಂಚಿನಲ್ಲಿ ದೊಡ್ಡ ಡಾಕ್ಟರು ಕಣ್ಣು ಮುಚ್ಚಿ, ಅಕ್ಕ ಹೇಳಿದ ಜಾಗದಿಂದ, ತಮ್ಮ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಿಕೊಳ್ಳುತ್ತಿದ್ದರು.